ಮಾರಿದಳು, ಮಾರಿದಳಂತೆ

ಹೈಲುಟೊ ದ್ವೀಪದ ದಡದಲ್ಲಿ
ತೊಂಬತ್ತೆಂಟು ಮೀಟರು ಎತ್ತರದ ಕಂಬದ ನೆತ್ತಿಗೆ ಕೂತು
ಗ್ರೀಸು ಮೆತ್ತಿದ ಕೈಗವಸು ಕಳಚಿ
ಬುತ್ತಿ ಬಿಚ್ಚುತ್ತೇನೆ. ರೈ ರೊಟ್ಟಿ, ಉಪ್ಪುಮೀನು.
ಕೆಳಗೆ ಫೆಬ್ರವರಿಯ ಕಡಲು, ಬೂದಿ ಬಣ್ಣ,
ಈ ವರ್ಷವೂ ಹೆಪ್ಪುಗಟ್ಟಿಲ್ಲ.
ನನ್ನ ಕೆಲಸ ಗಾಳಿಯದು.
ನಮ್ಮ ಮನೆತನದ ಕೆಲಸವೇ ಗಾಳಿಯದು.

ಹತ್ತು ತಲೆಮಾರಿನ ಹಿಂದೆ ವಾಲ್ಪುರಿ
ಇದೇ ದಡದಲ್ಲಿ
ಹಾಯಿಹಡಗಿನವರಿಗೆ ಗಾಳಿ ಮಾರುತ್ತಿದ್ದಳು.
ನಾರಿನ ಹುರಿಯೊಂದು, ಅದಕ್ಕೆ ಮೂರು ಗಂಟು.
ಮೊದಲನೆಯದು ಬಿಚ್ಚಿದರೆ ಹಾಯಿ ಉಸಿರೆಳೆದುಕೊಳ್ಳುತ್ತದೆ.
ಎರಡನೆಯದಕ್ಕೆ, ಸ್ಟಾಕ್‌ಹೋಮು ಎರಡು ದಿನ ಹತ್ತಿರ.
ಮೂರನೆಯದನ್ನು ಬಿಚ್ಚಬೇಡ ಅಣ್ಣಾ,
ಮನೆಯಲ್ಲಿ ಮಕ್ಕಳಿದ್ದರೆ.
ಬೆಲೆ, ಒಂದು ಸೇರು ಉಪ್ಪು, ಇಲ್ಲವೇ ಹಿಡಿ ತಂಬಾಕು.
ಕುಡಿದು ಬಂದವರಿಗೆ ಮಾರುತ್ತಿರಲಿಲ್ಲ.

ಇದು ನನಗೆ ಗೊತ್ತಾದದ್ದು ಅಜ್ಜಿಕಥೆಯಿಂದಲ್ಲ,
ದಂಡದ ಲೆಕ್ಕದಿಂದ.
ಊಲು ಪಟ್ಟಣದ ಪತ್ರಾಗಾರದಲ್ಲಿ
ಬಿಳಿ ಹತ್ತಿಯ ಕೈಗವಸು ಹಾಕಿಕೊಂಡು ನಾನೇ ಓದಿದೆ:
‘ವಾಲ್ಪುರಿ ಎಂಬ ವಿಧವೆ ಗಾಳಿ ಮಾರಿದಳು.
ದಂಡ ನಲವತ್ತು ಮಾರ್ಕು.’
ಅಷ್ಟೇ. ಬರೆದವನ ಕೈ ನಡುಗಿಲ್ಲ,
ಮಸಿ ಒಂದು ಹನಿಯೂ ಚೆಲ್ಲಿಲ್ಲ.
ಬಲೆ ಕದ್ದವನ ಕೆಳಗೆ, ಸುಳ್ಳು ತೂಕದವನ ಮೇಲೆ
ಅವಳ ಹೆಸರು.
ಆ ಲೋಕದಲ್ಲಿ ಗಾಳಿ ಮಾರಲು ಬರುತ್ತಿತ್ತು.
ಪರವಾನಗಿ ಇರಲಿಲ್ಲ.

ಎಂಬತ್ತು ವರ್ಷ ಕಳೆದು ಬೇರೊಂದು ದಪ್ಪ ಪುಸ್ತಕ,
ಬೇರೊಬ್ಬ ಗುಮಾಸ್ತ. ಮರಿಮಗಳು ಮಾರ್ಕೆಟ್ಟಾ
‘ಗಾಳಿ ಮಾರಿದಳಂತೆ.’
ದಂಡ ಮೊದಲಿಗಿಂತ ಕಡಿಮೆ.
ಅಪರಾಧ ಈಗ ಬರೀ ಮೋಸ.

ಅಂತೆ.
ಆ ಎರಡಕ್ಷರದ ಮೇಲೆ ಬೆರಳಿಟ್ಟು
ಪತ್ರಾಗಾರದ ದೀಪ ಆರಿಸುವವರೆಗೆ ಕೂತಿದ್ದೆ.
ಯಾವ ಡ್ರಾಗನ್ನೂ ಸತ್ತು ಬಿದ್ದ ಸುದ್ದಿಯಿಲ್ಲ,
ಯಾವ ಮಂತ್ರವಾದಿಯೂ ಕೋಲು ಮುರಿದು ಅತ್ತದ್ದಿಲ್ಲ.
ಕಾಡು ಕಾಡಾಗಿಯೇ ಇತ್ತು, ಹಂದಿಗೆ ಅದೇ ಹಸಿವು.
ಯಾವುದೋ ಬುಧವಾರ ಮಧ್ಯಾಹ್ನ
ಒಬ್ಬನಿಗೆ ಅನುಮಾನ ಬಂತು, ಊಟಕ್ಕೂ ಹೊತ್ತಾಗಿತ್ತು,
ವಾಕ್ಯದ ಬಾಲಕ್ಕೊಂದು ಗಂಟು ಹಾಕಿ ಎದ್ದ.
ಅದು ನಾಲ್ಕನೆಯದು.
ಬಿಚ್ಚುವ ಬೆರಳು ಇನ್ನೂ ಹುಟ್ಟಿಲ್ಲ.

ಈಗ ನಾನೂ ಮಾರುತ್ತೇನೆ.
ಹೆಲ್ಸಿಂಕಿಯ ಯಾವುದೋ ಪರದೆಯ ಮೇಲೆ
ನಾಳೆ ಬೀಸುವ ಗಾಳಿಯ ಬೆಲೆ
ಇವತ್ತೇ ಏರಿ ಇಳಿಯುತ್ತದೆ.
ಕುಡಿದವರಿಗೂ ಮಾರುತ್ತೇವೆ. ಮುಖ ನೋಡುವ ಪದ್ಧತಿ ಇಲ್ಲ.
ಸೆಕೆಂಡಿಗೆ ಇಪ್ಪತ್ತೈದು ಮೀಟರು ದಾಟಿತೋ,
ರೆಕ್ಕೆಗಳು ತಾವಾಗಿ ಮಗ್ಗುಲಾಗಿ ನಿಂತುಬಿಡುತ್ತವೆ.
ಕೈಪಿಡಿಯಲ್ಲಿ ಅದಕ್ಕೊಂದು ಉದ್ದ ಹೆಸರಿದೆ.
ನಾನು ‘ಮೂರನೆಯದು’ ಅನ್ನುತ್ತೇನೆ.
ಜೊತೆಗಾರ ಇಸ್ಮೋಗೆ ಇದೆಲ್ಲ ಗೊತ್ತಿಲ್ಲ,
ಆದರೂ ಅವನೂ ಈಚೆಗೆ ಹಾಗೇ ಅನ್ನುತ್ತಾನೆ:
‘ರೌಹಾ, ಇವತ್ತು ಮೂರನೆಯದು ಬಿಚ್ಚೀತು, ಇಳಿ.’

ಇಳಿದು ಮನೆಗೆ ಬಂದರೆ ಅಣ್ಣನ ಮಗಳು ಪಿಹ್ಲಾ,
ಏಳು ವರ್ಷ, ಮುಂದಿನೆರಡು ಹಲ್ಲಿಲ್ಲ.
ವಾಲ್ಪುರಿಯದನ್ನು ಹೇಳೋಣವೆಂದು
ಒಲೆಯ ಹತ್ತಿರ ಕೂರಿಸಿಕೊಂಡೆ.
ಅವಳೇ ಮೊದಲು ಕೇಳಿದಳು:
‘ಅತ್ತೆ, ನೀನು ಕಡಲ ಮೇಲೆ
ಕಾರು ಓಡಿಸ್ತಿದ್ದೆಯಂತೆ?’

ಓಡಿಸ್ತಿದ್ದೆ, ಅಂದೆ.
ಜನವರಿಯಿಂದ ಏಪ್ರಿಲ್ಲಿನವರೆಗೆ, ದ್ವೀಪದಿಂದ ಊರಿಗೆ.
ಹಿಮದಲ್ಲಿ ಸ್ಪ್ರೂಸ್ ಕೊಂಬೆ ನೆಟ್ಟು ದಾರಿ ಗುರುತು.
ಸೀಟುಬೆಲ್ಟು ಹಾಕುತ್ತಿರಲಿಲ್ಲ,
ಮಂಜುಗಡ್ಡೆ ಬಾಯಿಬಿಟ್ಟರೆ ಹಾರಿಕೊಳ್ಳಬೇಕಲ್ಲ.
ಕಿಟಕಿ ಇಳಿಸಿದರೆ ಕೆಳಗಿನಿಂದ ಸದ್ದು ಬರುತ್ತಿತ್ತು,
ದೊಡ್ಡ ಪ್ರಾಣಿ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ.
ಆಣೆ ಮಾಡಬೇಕೆನಿಸಿತು. ದಂಡದ ಚೀಟಿಯೊಂದಾದರೂ
ಇರಬಾರದಿತ್ತೇ ಅನಿಸಿತು.

ಅವಳು ಮೊಣಕಾಲು ತಬ್ಬಿಕೊಂಡು
ಇನ್ನಷ್ಟು ಹತ್ತಿರ ಸರಿದಳು.
‘ಆಮೇಲೆ?’